ವೆಸ್ಟೆರೋಸ್‌ನಲ್ಲಿ 1966ರ ಮಸ್ಟಾಂಗ್ ಸಾಕೋದು: ಲಾಂಗ್ ಟರ್ಮ್ ರಿವ್ಯೂ

ಸ್ವೀಡನ್‌ನಲ್ಲಿ ಅಮೆರಿಕನ್ ಕಾರ್ ಇಟ್ಕೊಂಡಿದೀನಿ ಅಂದ್ರೆ ಊರ ಕಡೆಯೋರು ತಕ್ಷಣ ಟೆಸ್ಲಾನಾ ಅಂತಾರೆ. ಅಲ್ಲ ಮಾರಾಯ್ರೆ, 1966ರ ಫೋರ್ಡ್ ಮಸ್ಟಾಂಗ್, 289 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರಿನ ಹತ್ರತ್ರ 4.7 ಲೀಟರ್ ಇಂಜಿನ್ನು, ಮೂರು ಗೇರಿನ ಆಟೋಮ್ಯಾಟಿಕ್. ಕೆಲವು ವರ್ಷ ಓಡಿಸಿ, ಬಿಚ್ಚಿ, ಜೋಡಿಸಿ ಆದ್ಮೇಲೆ ಬರೀತಿದೀನಿ, ಯಾಕಂದ್ರೆ ಇಲ್ಲಿ ವೆಸ್ಟೆರೋಸ್‌ನಲ್ಲಿ ಎಬಿಬಿ ಅನ್ನೋ ದೊಡ್ಡ ಎಲೆಕ್ಟ್ರಿಕಲ್ ಕಂಪನಿ ಇರೋದ್ರಿಂದ ಬೆಂಗಳೂರಿನ ಹುಡುಗ್ರು ಸುಮಾರು ಜನ ಇದಾರೆ, ಬೇಸಿಗೆ ಬಂದ್ರೆ ಸಾಕು ಒಬ್ಬರಾದ್ಮೇಲೆ ಒಬ್ಬರು ಫೋನ್ ಮಾಡಿ ನಾನೂ ಒಂದು ತಗೊಳ್ಲಾ ಅಂತ ಕೇಳ್ತಾರೆ.

ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಈ ಊರು ಇರೋದೇ ಹಾಗೆ. ಪವರ್ ಬಿಗ್ ಮೀಟ್ ಅನ್ನೋ ಅಮೆರಿಕನ್ ಕಾರುಗಳ ಜಾತ್ರೆ 1978ರಲ್ಲಿ ಇಲ್ಲೇ ಶುರುವಾಗಿದ್ದು. ರಾಗ್ಗಾರೆ ಅಂತ ಕರೆಸ್ಕೊಳ್ಳೋ ಜನ ಐವತ್ತರ ದಶಕದಿಂದ್ಲೇ ಈ ದೊಡ್ಡ ಕಾರುಗಳ ಹುಚ್ಚು ಹತ್ತಿಸ್ಕೊಂಡೋರು, ತಲೆಗೆ ಎಣ್ಣೆ ಹಾಕಿ ಹಿಂದಕ್ಕೆ ಬಾಚ್ಕೊಂಡು ಶನಿವಾರ ಸಂಜೆ ಊರೊಳಗೆ ಸುಮ್ನೆ ರೌಂಡ್ ಹೊಡೀತಾರೆ, ಈಗ ಅದ್ರಲ್ಲಿ ಅಜ್ಜಂದ್ರೇ ಜಾಸ್ತಿ. ಅಮೆರಿಕನ್ ಕಾರ್ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಕ್ಯೂಬಾ, ಆದ್ರೆ ಅಲ್ಲಿ 1962ರಿಂದ ಅಮೆರಿಕದ ನಿರ್ಬಂಧ ಇರೋದ್ರಿಂದ ಪಾರ್ಟ್ಸ್ ಬರಲ್ಲ, ಎಷ್ಟೋ ಷೆವ್ರೊಲೆಗಳ ಬಾನೆಟ್ ಎತ್ತಿದ್ರೆ ಒಳಗೆ ಬೇರೆ ಯಾವುದೋ ಡೀಸೆಲ್ ಇಂಜಿನ್ ಕೂತಿರುತ್ತೆ. ಇಲ್ಲಿ ಕಥೆ ಬೇರೆ. ಇಲ್ಲಿ ಹಳೇ ಕಾರನ್ನ ಉಳಿಸ್ತಿರೋದು ಕಾನೂನು ಮತ್ತೆ ಪಾರ್ಟ್ಸು, ಹುಚ್ಚು ಆಮೇಲಿನ ಮಾತು.

ಕಾನೂನಿನ ವಿಷ್ಯ ಬೇಗ ಮುಗಿಸ್ತೀನಿ. ಮೂವತ್ತು ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ, ಐವತ್ತು ದಾಟಿದ್ರೆ ತಪಾಸಣೆಯಿಂದಾನೂ ವಿನಾಯಿತಿ. ಚಳಿಗಾಲದಲ್ಲಿ ಗಾಡೀನ ರಸ್ತೆಯಿಂದ ಇಳಿಸಿದೀನಿ ಅಂತ ಆನ್‌ಲೈನ್‌ನಲ್ಲೇ ಹಾಕ್ಬಿಟ್ರೆ ಕಡ್ಡಾಯದ ಇನ್ಶೂರೆನ್ಸೂ ಕಟ್ಟೋದು ಬೇಡ, ಏಪ್ರಿಲ್‌ನಲ್ಲಿ ಮತ್ತೆ ಚಾಲೂ ಮಾಡಿದ್ರಾಯ್ತು. ಹಳೇ ಕಾರುಗಳಿಗೇ ಅಂತ ಕ್ಲಬ್ ಮೂಲಕ ಸಿಗೋ ಇನ್ಶೂರೆನ್ಸ್ ಬೇರೆ ಇದೆ, ಅಗ್ಗ, ಆದ್ರೆ ದಿನಬಳಕೆಗೆ ಇನ್ನೊಂದು ಕಾರ್ ಇರ್ಬೇಕು ಅಂತಾರೆ. ಇರ್ಲೇಬೇಕು ಕೂಡ, ಯಾಕಂದ್ರೆ ಇಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಒಂದು ಚಳಿಗಾಲ ಓಡಿಸಿದ್ರೆ ಸಾಕು ತಳದಲ್ಲಿ ತುಕ್ಕು ಕೆಲಸ ಶುರು ಮಾಡುತ್ತೆ.

ತುಕ್ಕು ಅಂದೆ ಅಲ್ವಾ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನನ್ನ ಗಾಡಿ ಚಾಸಿ ನಂಬರ್ ಶುರುವಾಗೋದು 6R07C ಅಂತ. 6 ಅಂದ್ರೆ 1966, R ಅಂದ್ರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಫ್ಯಾಕ್ಟರಿ, 07 ಹಾರ್ಡ್‌ಟಾಪ್, C ಅಂದ್ರೆ ಎರಡು ಬ್ಯಾರಲ್ ಕಾರ್ಬುರೇಟರ್ ಇರೋ 289. ಕ್ಯಾಲಿಫೋರ್ನಿಯಾ ಗಾಡಿ ಅಂದ ತಕ್ಷಣ ಮಾರೋರು ರೇಟ್ ಏರಿಸ್ತಾರೆ, ಒಣ ಹವೆ, ತುಕ್ಕಿಲ್ಲ ಅಂತ. ಅರ್ಧ ನಿಜ. ಈ ಮಾಡೆಲ್‌ನಲ್ಲಿ ಮುಂದಿನ ಗಾಜಿನ ಕೆಳಗೆ ಗಾಳಿ ಒಳಗೆ ಬರೋಕೆ ಒಂದು ಜಾಲರಿ ಇದೆ, ಅದರ ಕೆಳಗೆ ಒಂದು ಮುಚ್ಚಿದ ತೊಟ್ಟಿ ಥರದ್ದು, ಅದರೊಳಗೆ ಎಲೆ ಕಸ ಕೂತು ತೇವ ಹಿಡಿದು ಗಾಳಿ ಕಿಂಡಿ ಸುತ್ತ ತೂತಾಗುತ್ತೆ, ಯಾವ ರಾಜ್ಯದ ಗಾಡಿಯಾದ್ರೂ ಅಷ್ಟೇ. ಹೊರಗಿಂದ ಏನೂ ಕಾಣಲ್ಲ, ಪೇಂಟ್ ಫಳಫಳ ಅಂತಿರುತ್ತೆ. ನೋಡೋಕೆ ಹೋದಾಗ ಒಂದು ದೊಡ್ಡ ಬಾಟ್ಲಿ ನೀರು ತಗೊಂಡೋಗಿ, ಆ ಜಾಲರಿ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನಕ್ಕೆ ಸುರೀರಿ, ಆಮೇಲೆ ಒಳಗೆ ಕಾರ್ಪೆಟ್ ಎತ್ತಿ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಡಿ. ತೊಟ್ಟಿಕ್ತಿದ್ರೆ ರಿಪೇರಿಗೆ ಮೇಲಿನ ತಗಡಿನ ಸ್ಪಾಟ್ ವೆಲ್ಡ್‌ಗಳನ್ನ ಒಂದೊಂದಾಗಿ ಡ್ರಿಲ್ ಮಾಡಿ ಬಿಚ್ಬೇಕು, ಫೆಂಡರ್ ಎಲ್ಲಾ ಇಳಿಸ್ಬೇಕು. ನನ್ನದಕ್ಕೆ ಆ ಟಿಂಕರಿಂಗ್ ಮಾಡಿಕೊಟ್ಟ ಶಾಪು ಮೂರು ವಾರ ಅಂತ ಹೇಳಿ ಇಡೀ ಬೇಸಿಗೆ ನುಂಗಿ ಹಾಕ್ತು, ಇಲ್ಲಿ ಬೇಸಿಗೆ ಇರೋದೇ ಅಷ್ಟುದ್ದ.

ಪಾರ್ಟ್ಸ್ ವಿಷ್ಯಕ್ಕೆ ಮಾತ್ರ ಹತ್ತಕ್ಕೆ ಹತ್ತು. 1964 ಏಪ್ರಿಲ್ 17ಕ್ಕೆ ಬಿಡುಗಡೆ ಆದ ಕಾರಿದು, 1966 ಒಂದೇ ಮಾಡೆಲ್ ವರ್ಷದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಮಾಡಿದಾರೆ, ಹಾಗಾಗಿ ಡೋರ್ ರಬ್ಬರ್‌ನಿಂದ ಹಿಡಿದು ಫ್ಲೋರ್ ತಗಡಿನವರೆಗೂ ಇವತ್ತಿಗೂ ಹೊಸದಾಗಿ ತಯಾರಾಗ್ತಿದೆ. ನಮ್ಮ ಮನೆಯ ಇನ್ನೊಂದು ಕಾರು, ಹೆಚ್ಚೇನೂ ಹಳೇದಲ್ಲ, ಅದರ ಹೆಡ್‌ಲೈಟ್‌ಗೆ ಕಾದಷ್ಟು ಇದರ ಯಾವ ಪಾರ್ಟ್‌ಗೂ ಕಾದಿಲ್ಲ. ಅಮೆರಿಕದಿಂದ ನೇರ ತರಿಸಿದ್ರೆ ಕಸ್ಟಮ್ಸು, ಅದರ ಮೇಲೆ 25 ಪರ್ಸೆಂಟ್ ವ್ಯಾಟು ಸೇರಿ ಕೈ ಸುಡುತ್ತೆ, ಅದಕ್ಕೆ ಇಲ್ಲಿನ ಅಂಗಡಿಗಳಲ್ಲೇ ಮೊದಲು ವಿಚಾರಿಸಿ. ಮತ್ತೆ ಊರಿಂದ ತಂದ ಸ್ಪ್ಯಾನರ್ ಸೆಟ್ ಪಕ್ಕಕ್ಕಿಡಿ, ಇದೆಲ್ಲಾ ಇಂಚಿನ ಲೆಕ್ಕ, ಅರ್ಧ ಇಂಚು, 7/16, 9/16, ಈ ಮೂರಿದ್ರೆ ಮುಕ್ಕಾಲು ಗಾಡಿ ಬಿಚ್ಬಹುದು.

ಈಗ ನನಗೆ ನಿಜವಾಗ್ಲೂ ಹೆದರಿಕೆ ಹುಟ್ಟಿಸಿದ ವಿಷ್ಯ, ಬ್ರೇಕು. ನನ್ನ ಗಾಡಿ ಬಂದಿದ್ದು ನಾಲ್ಕೂ ಚಕ್ರಕ್ಕೆ ಡ್ರಮ್ ಇಟ್ಕೊಂಡು, ಅದರ ಮೇಲೆ ಮಾಸ್ಟರ್ ಸಿಲಿಂಡರ್, ಅಂದ್ರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ, ಒಂದೇ ಸರ್ಕ್ಯೂಟ್‌ದು. ಅಂದ್ರೆ ಎಲ್ಲೋ ಒಂದು ಕಡೆ ಪೈಪ್ ಒಡೆದು ಬ್ರೇಕ್ ಆಯಿಲ್ ಹೋಯ್ತು ಅಂದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು, ಪೆಡಲ್ ಸೀದಾ ನೆಲಕ್ಕೆ. 1967ರ ಮಾಡೆಲ್‌ನಿಂದ ಫೋರ್ಡ್‌ನೋರೇ ಎರಡು ಸರ್ಕ್ಯೂಟ್ ಕೊಟ್ರು. ಒರಿಜಿನಾಲಿಟಿ ಕೆಡುತ್ತೆ ಅಂತ ಕ್ಲಬ್ಬಿನ ಕೆಲವರು ಮೂಗು ಮುರೀತಾರೆ, ಮುರ್ಕೊಳ್ಳಿ, ನಾನು ಮೊದಲು ಮಾಡ್ಸಿದ್ದೇ ಎರಡು ಸರ್ಕ್ಯೂಟ್ ಸಿಲಿಂಡರ್ ಮತ್ತೆ ಮುಂದಕ್ಕೆ ಡಿಸ್ಕು. ಮುಂದೆ ಹೋಗ್ತಿರೋ ವೋಲ್ವೋ ಎಬಿಎಸ್ ಹಾಕಿ ಗಕ್ಕಂತ ನಿಂತಾಗ ಒರಿಜಿನಾಲಿಟಿ ಯಾರ ಕೈನೂ ಹಿಡಿಯಲ್ಲ.

ಓಡಿಸೋಕೆ? ಬೆಳಿಗ್ಗೆ ಕೀ ತಿರುಗಿಸೋ ಮುಂಚೆ ಆಕ್ಸಿಲರೇಟರ್ ಒಂದ್ಸಲ ಪೂರ್ತಿ ಒತ್ತಿ ಬಿಡ್ಬೇಕು, ಆಗ ಚೋಕ್ ಕೂರುತ್ತೆ, ಆಮೇಲೆ ಸ್ಟಾರ್ಟರ್, ಒಂದೆರಡು ಸಲ ಗೊರ್ ಅಂದು ಹತ್ಕೊಳ್ಳುತ್ತೆ, ಪಕ್ಕದ ಮನೆಯೋರಿಗೂ ಗೊತ್ತಾಗುತ್ತೆ. ಸ್ಟೀರಿಂಗ್‌ನಲ್ಲಿ ಮಧ್ಯೆ ಸ್ವಲ್ಪ ಆಟ ಇದೆ, 80-90ರಲ್ಲಿ ಮೆಲಾರೆನ್ ಸರೋವರದ ಪಕ್ಕದ ಹಳ್ಳಿ ರಸ್ತೆಲಿ ಹೋಗ್ತಿದ್ರೆ ಸ್ವರ್ಗ, 110ರ ಹೈವೇಲಿ ಕೈ ಬೆವರುತ್ತೆ. ಮೈಲೇಜ್ ಕೇಳ್ಬೇಡಿ, ಸರಿ ಕೇಳಿದ್ರಿ ಅಂತ ಹೇಳ್ತೀನಿ, ಲೀಟರಿಗೆ ಆರು ಕಿಲೋಮೀಟರ್, ಅದೂ ಕಾಲು ಹದ್ದುಬಸ್ತಲ್ಲಿದ್ರೆ. ಬಂಕಲ್ಲಿ 98 ಆಕ್ಟೇನೇ ಹಾಕ್ಸಿ, ಯಾಕಂದ್ರೆ 2021ರ ಆಗಸ್ಟ್‌ನಿಂದ ಇಲ್ಲಿ 95ರಲ್ಲಿ ಹತ್ತು ಪರ್ಸೆಂಟ್‌ವರೆಗೂ ಎಥನಾಲ್ ಬೆರೆಸ್ತಾರೆ, ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್ಟು ಅದನ್ನ ತಡ್ಕೊಳ್ಳಲ್ಲ. ಇನ್ನು ಸೀಟ್ ಬೆಲ್ಟು ಸೊಂಟಕ್ಕೆ ಮಾತ್ರ, ಮಗಳ ಚೈಲ್ಡ್ ಸೀಟ್ ಹಿಂದೆ ಸರಿಯಾಗಿ ಕೂರಲ್ಲ, ಹಾಗಾಗಿ ಫ್ಯಾಮಿಲಿ ಟ್ರಿಪ್ಪು ಅಂತ ಕನಸು ಕಾಣ್ತಿದ್ರೆ ಈಗ್ಲೇ ಎದ್ಬಿಡಿ. ನನ್ನ ಹೆಂಡ್ತಿ ಇದನ್ನ ಎರಡು ಸೀಟಿನ ಸಂಸಾರ ಅಂತಾಳೆ.

ಒಂದು ಒಳ್ಳೇದು ಅಂದ್ರೆ ಉದ್ದ. 4.6 ಮೀಟರ್ ಅಷ್ಟೇ, ಇವತ್ತಿನ ಸಾಧಾರಣ ಕಾರಿನಷ್ಟೇ, ಮಾಮೂಲಿ ಗ್ಯಾರೇಜಿಗೆ ಆರಾಮಾಗಿ ಹೋಗುತ್ತೆ. ರೆಕ್ಕೆ ಇರೋ 1959ರ ಕ್ಯಾಡಿಲಾಕ್ ಮೇಲೆ ಕಣ್ಣಿಟ್ಟಿರೋ ಗೆಳೆಯರು ಮೊದಲು ಟೇಪ್ ಹಿಡೀರಿ, ಅದು 5.7 ಮೀಟರ್, ಚಳಿಗಾಲಕ್ಕೆ ರೈತರ ಕೊಟ್ಟಿಗೆ ಬಾಡಿಗೆ ಹುಡುಕ್ಬೇಕಾಗುತ್ತೆ.

ತಗೊಳ್ಳೋರಿಗೆ ಇನ್ನೊಂದು. ಆರು ಸಿಲಿಂಡರ್‌ದೂ ಸಿಗುತ್ತೆ, ಕಮ್ಮಿ ರೇಟಿಗೆ, ಕಮ್ಮಿ ಪೆಟ್ರೋಲಿಗೆ, ಸುಮ್ನೆ ಸುತ್ತೋಕೆ ಅದು ಸಾಕು ಅಂತ ನನ್ನ ಅಭಿಪ್ರಾಯ, ಆದ್ರೆ ಅದಕ್ಕೆ ಬ್ರೇಕ್ ಇನ್ನೂ ಚಿಕ್ಕದು. ಕೆಲವರು ಅದಕ್ಕೇ ವಿ8 ಕೂರಿಸಿ ಒರಿಜಿನಲ್ ವಿ8 ಅಂತ ಮಾರ್ತಾರೆ, ಚಕ್ರದ ನಟ್ಟು ಎಣಿಸಿ, ವಿ8 ಗಾಡಿಗೆ ಐದು, ಆರು ಸಿಲಿಂಡರ್‌ದಕ್ಕೆ ನಾಲ್ಕು. ನಟ್ಟು ಐದಿದ್ರೂ ಚಾಸಿ ನಂಬರಿನ ಐದನೇ ಅಕ್ಷರ, ಅಂದ್ರೆ ಇಂಜಿನ್ ಯಾವ್ದು ಅಂತ ಹೇಳೋದು, ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ.