ಕೊಪ್ಪಳದಿಂದ ದಿನಾ ಓಡಾಡುವವರಿಗೆ ರೈಲಿನ ಮಂತ್ಲಿ ಪಾಸ್: ನಾಲ್ಕು ಸ್ಟಾರ್, ಮತ್ತು ಐದನೆಯದು ಯಾಕಿಲ್ಲ ಅಂದರೆ

ಕೊಪ್ಪಳದಲ್ಲಿ ಮನೆ, ಹೊಸಪೇಟೆಯಲ್ಲೋ ಗದಗದಲ್ಲೋ ಕೆಲಸ, ಹೀಗಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ. ಮಂತ್ಲಿ ಪಾಸ್ ಮಾಡಿಸಬೇಕಾ, ಬೇಡವಾ? ಮಾಡಿಸಿ. ಸೆಕೆಂಡ್ ಕ್ಲಾಸ್ ಪಾಸಿನ ಬೆಲೆ ಹೆಚ್ಚು ಕಡಿಮೆ 15 ಸಿಂಗಲ್ ಟಿಕೆಟ್‌ಗಳಷ್ಟು. ತಿಂಗಳಿಗೆ 25 ದಿನ ಹೋಗಿ ಬಂದರೆ 50 ಟಿಕೆಟ್ ಆಗುತ್ತದೆ, ಲೆಕ್ಕ ನೀವೇ ಹಾಕಿ. ಮೂರು ತಿಂಗಳ ಪಾಸ್ ತಗೊಂಡರೆ ಇನ್ನೂ ಸ್ವಲ್ಪ ಉಳಿಯುತ್ತದೆ, ಅದಕ್ಕೆ ಮೂರು ತಿಂಗಳ ದುಡ್ಡು ಕೊಡಬೇಕಿಲ್ಲ, 2.7 ತಿಂಗಳದ್ದು ಕೊಟ್ಟರೆ ಸಾಕು. 150 ಕಿ.ಮೀ. ದೂರದವರೆಗೂ ಪಾಸ್ ಸಿಗುತ್ತದೆ. 2025ರ ಜುಲೈನಲ್ಲೂ ಡಿಸೆಂಬರ್‌ನಲ್ಲೂ ರೈಲು ದರ ಏರಿಸಿದರು, ಎರಡು ಸಲವೂ ಸೀಸನ್ ಟಿಕೆಟ್ ದರ, ಅಂದರೆ ಈ ಪಾಸಿನ ದರ, ಮುಟ್ಟಲಿಲ್ಲ.

ಕೌಂಟರ್ ಮುಂದೆ ನಿಲ್ಲುವ ಕಾಲವೂ ಹೋಯಿತು. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲೇ ಮಾಡಿಸಬಹುದು. ಹೊಸ ಪಾಸ್ ಮರುದಿನದಿಂದ ಜಾರಿಗೆ ಬರುತ್ತದೆ, ಹಾಗಾಗಿ ಸೋಮವಾರ ಬೇಕಿದ್ದರೆ ಭಾನುವಾರವೇ ಮಾಡಿಸಿಕೊಳ್ಳಿ. ಐಡಿ ಕಾರ್ಡ್ ಜೇಬಿನಲ್ಲಿರಲಿ. ರಿಸರ್ವೇಶನ್ ಬೋಗಿ ಹತ್ತಬೇಡಿ, ಸುಮ್ನೆ ದಂಡ ಬೀಳುತ್ತದೆ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಚಾರ್ಜ್ ಇದೆ, ಅದನ್ನು ಮೊದಲೇ ಕಟ್ಟಿಕೊಂಡಿರಬೇಕು.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಸರ್ಕಾರಿ ಬಸ್ ಪುಕ್ಕಟೆ. ಪುಕ್ಕಟೆ ಇರುವಾಗ ಪಾಸಿಗೆ ದುಡ್ಡು ಯಾಕೆ ಹಾಕಬೇಕು ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ಜೊತೆ ಬರುವ ಟೀಚರ್ ಒಬ್ಬರು ರೈಲು ಬಿಟ್ಟಿಲ್ಲ. "ಬಸ್ಸಿನ್ಯಾಗ ನಿಂತು ನಿಂತು ಕಾಲು ಸೇದತಾವ್ರಿ, ಇಲ್ಲಿ ಕುಂತು ಪೇಪರ್ ತಿದ್ದತೀನಿ" ಅನ್ನುತ್ತಾರೆ. ರೈಲಿನಲ್ಲಿ ಶೌಚಾಲಯವೂ ಇದೆ ಅನ್ನೋದು ಗಂಡಸರಿಗೆ ಹೊಳೆಯದ ಕಾರಣ, ಹೆಣ್ಣುಮಕ್ಕಳನ್ನು ಕೇಳಿದರೆ ಮೊದಲು ಅದನ್ನೇ ಹೇಳುತ್ತಾರೆ.

ಇಷ್ಟೆಲ್ಲ ಚೆನ್ನಾಗಿದೆ. ಆದರೆ ಪಾಸ್ ಅಂದರೆ ಗಾಡಿ ಓಡುತ್ತದೆ ಅನ್ನುವ ನಂಬಿಕೆಗೆ ನಾವು ಮುಂಗಡ ಕೊಡುವ ದುಡ್ಡು. ಗಾಡಿಯೇ ನಿಂತರೆ ಪಾಸ್ ಬರೀ ಕಾಗದ. ರೈಲು ನೌಕರರ ಮುಷ್ಕರದ ಸುದ್ದಿ ಬಂದಾಗಲೆಲ್ಲ ಬೋಗಿಯಲ್ಲಿ ಇದೇ ಮಾತು. "ಇವ್ರಿಗೆ ಸಂಬಳ ಸಾಲಂಗಿಲ್ಲೇನು? ನಮ್ಮ ಪಾಸಿನ ರೊಕ್ಕ ಯಾರು ಕೊಡ್ತಾರ?" ಅಂತ ಒಬ್ಬರು ಶುರು ಮಾಡುತ್ತಾರೆ, ಹತ್ತು ಜನ ಹೌದು ಹೌದು ಅನ್ನುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪೋಕೆ ಆಗಲ್ಲ.

ನಮ್ಮ ದೇಶದಲ್ಲಿ ರೈಲು ಪೂರ್ತಿ ನಿಲ್ಲುವ ಮಟ್ಟದ ಮುಷ್ಕರ ಆಗಿ ಐವತ್ತು ವರ್ಷ ದಾಟಿತು. 1974ರ ಮೇ 8ರಿಂದ 27ರವರೆಗೆ ಸುಮಾರು 17 ಲಕ್ಷ ನೌಕರರು ಕೆಲಸ ಬಿಟ್ಟು ನಿಂತರು. ಮುಂದೆ ನಿಂತವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಎಂಟು ಗಂಟೆ ಕೆಲಸ ಮತ್ತು ಬೋನಸ್ ಅವರ ದೊಡ್ಡ ಬೇಡಿಕೆಗಳಾಗಿದ್ದವು. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಕೆಲಸದಿಂದ ತೆಗೆಯಿತು, ಮುಷ್ಕರ ಮುರಿಯಿತು. ಅಷ್ಟು ದೊಡ್ಡದು ಆಮೇಲೆ ಆಗಿಲ್ಲ. 2016ರಲ್ಲಿ ಜುಲೈ 11ರಿಂದ ಅಂತ ನೋಟಿಸ್ ಕೊಟ್ಟಿದ್ದರು, ಮಾತುಕತೆ ಆಗಿ ಮುಂದಕ್ಕೆ ಹೋಯಿತು. ಅಂದರೆ ಇಲ್ಲಿನ ರೈಲು ನೌಕರರು ನಮ್ಮನ್ನು ಪ್ಲಾಟ್‌ಫಾರಂ ಮೇಲೆ ಬಿಟ್ಟು ಹೋಗುವ ಜನ ಅಲ್ಲವೇ ಅಲ್ಲ. ಊಟ ಬಿಟ್ಟು ಉಪವಾಸ ಇದ್ದು ಗಾಡಿ ಓಡಿಸಿ ಪ್ರತಿಭಟನೆ ಮಾಡಿದ ಲೋಕೋ ಪೈಲಟ್‌ಗಳು, ಅಂದರೆ ರೈಲು ಚಾಲಕರು, ಇದ್ದಾರೆ.

ಅವರು ಕೇಳುತ್ತಿರುವುದೇನು ಅಂತ ಒಮ್ಮೆ ನೋಡಿ. ಡ್ಯೂಟಿ ಮುಗಿಸಿ ಸ್ವಂತ ಊರಿಗೆ ಬಂದ ಮೇಲೆ 16 ಗಂಟೆ ವಿಶ್ರಾಂತಿ ಇದೆ. ವಾರದ ರಜೆ ಅಂತ 30 ಗಂಟೆ ಇದೆ. ಆ 16 ಗಂಟೆಯನ್ನು ಈ 30ರ ಒಳಗೇ ಸೇರಿಸಬೇಡಿ, ಎರಡೂ ಕೂಡಿ 46 ಗಂಟೆ ಕೊಡಿ ಅನ್ನುವುದು ಒಂದು ಬೇಡಿಕೆ. ಸಾಲಾಗಿ ಎರಡು ರಾತ್ರಿಗಿಂತ ಜಾಸ್ತಿ ನೈಟ್ ಡ್ಯೂಟಿ ಹಾಕಬೇಡಿ ಅನ್ನುವುದು ಇನ್ನೊಂದು. ಇದು ನಿದ್ದೆಯ ಬೇಡಿಕೆ. ನಮ್ಮ ಮಾರ್ಗದಲ್ಲಿ ಅದಿರು, ಕಲ್ಲಿದ್ದಲು, ಉಕ್ಕು ಹೊತ್ತ ಗೂಡ್ಸ್ ಗಾಡಿಗಳು ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿಗೆ ಹಗಲು ರಾತ್ರಿ ಹೋಗಿ ಬರುತ್ತವೆ. ಅದೇ ಹಳಿ ಮೇಲೆ ನಾವೂ ಕೂತಿರುತ್ತೇವೆ. ಮೂರನೇ ರಾತ್ರಿಯೂ ಕಣ್ಣು ಬಿಟ್ಟುಕೊಂಡು ಸಿಗ್ನಲ್ ನೋಡುವವರು ಎಷ್ಟು ಎಚ್ಚರವಾಗಿರಲು ಸಾಧ್ಯ? 2024ರಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ ನೇಮಕಾತಿಗೆ ಮೊದಲು 5,696 ಹುದ್ದೆ ಅಂದರು, ಆಮೇಲೆ ಅದನ್ನು 18,799ಕ್ಕೆ ಏರಿಸಿದರು. ಜನ ಎಷ್ಟು ಕಡಿಮೆ ಇದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾನು ಕಳೆದಿರುವ ಆ ಒಂದು ಸ್ಟಾರ್ ಇದಕ್ಕೇ. ನನ್ನ ಪಾಸ್ ಅಗ್ಗ ಆಗಿರೋದು ಇನ್ನೊಬ್ಬರ ನಿದ್ದೆ ಕಡಿಮೆ ಮಾಡಿ ಆಗಿರಬಾರದು, ಅಲ್ವಾ?

ಬೇರೆ ಕಡೆ ಕೆಲಸ ನಿಲ್ಲಿಸಿಯೇ ಬಿಡುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 2025ರ ಮೇ ತಿಂಗಳಲ್ಲಿ ಸುಮಾರು 450 ಚಾಲಕರು ಮೂರು ದಿನ ಇಂಜಿನ್ ಹತ್ತಲಿಲ್ಲ, ನ್ಯೂಯಾರ್ಕ್‌ಗೆ ಕೆಲಸಕ್ಕೆ ಹೋಗುವವರು ಹತ್ತುವ ಅವರ ಗಾಡಿಗಳೆಲ್ಲ ನಿಂತವು, ಸಂಬಳದ ಒಪ್ಪಂದ ಆಯಿತು. ಬ್ರಿಟನ್‌ನಲ್ಲಿ 2022ರ ಜೂನ್‌ನಲ್ಲಿ ಶುರುವಾದದ್ದು ಬಿಟ್ಟು ಬಿಟ್ಟು ನಡೆದು 2024ರವರೆಗೂ ಎಳೆಯಿತು. ಅಲ್ಲಿ ಇನ್ನೊಂದು ಕಷ್ಟ ಇತ್ತು. ಕೋವಿಡ್ ಆದ ಮೇಲೆ ಆಫೀಸಿನವರು ವಾರಕ್ಕೆ ಎರಡೋ ಮೂರೋ ದಿನ ಮಾತ್ರ ರೈಲು ಹತ್ತತೊಡಗಿದರು. ಅದಕ್ಕೆ 2021ರಲ್ಲೇ ಹೊಸ ಪಾಸ್ ತಂದರು, 28 ದಿನದೊಳಗೆ ಯಾವ 8 ದಿನ ಬೇಕಾದರೂ ಓಡಾಡಬಹುದು. ಇಂಥದ್ದು ನಮಗೂ ಬೇಕು ಅಂತ ನಾನು ಜೋರಾಗಿಯೇ ಹೇಳುತ್ತೇನೆ. ನಮ್ಮ ನರ್ಸುಗಳು, ಟೀಚರ್‌ಗಳು, ಕಾರ್ಖಾನೆಯವರು ಮನೆಯಲ್ಲಿ ಕೂತು ಕೆಲಸ ಮಾಡೋಕೆ ಆಗಲ್ಲ, ನಿಜ. ಆದರೆ ವಾರಕ್ಕೆ ಎರಡು ದಿನ ಪಾಠಕ್ಕೆ ಹೋಗುವ ಅತಿಥಿ ಉಪನ್ಯಾಸಕರು, ಸಂತೆಯಿಂದ ಸಂತೆಗೆ ಹೋಗುವವರು, ಡಯಾಲಿಸಿಸ್‌ಗೆ ಹೋಗುವವರು, ಇವರಿಗೆ ತಿಂಗಳ ಪಾಸ್ ಪೂರ್ತಿ ಉಪಯೋಗ ಆಗಲ್ಲ.

ಈ ಭಾಗದಲ್ಲಿ ರೈಲು ಹೆಚ್ಚುತ್ತಿದೆ ಅನ್ನೋದು ಖುಷಿಯ ವಿಷಯ. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರಿಗೆ ಗಾಡಿ ಬಂತು, ರಾಯಚೂರು ಮುಟ್ಟೋದು ಬಾಕಿ. ತಳಕಲ್‌ನಿಂದ ಕುಷ್ಟಗಿಗೆ 2025ರ ಮೇನಲ್ಲಿ ಬಂತು. ಅದೇ ತಿಂಗಳು ಮುನಿರಾಬಾದ್ ಸ್ಟೇಷನ್ ಹೊಸದಾಗಿ ಉದ್ಘಾಟನೆ ಆಯಿತು. ಕಟ್ಟಡ ಚೆನ್ನಾಗಿರಲಿ, ಬೇಡ ಅನ್ನಲ್ಲ. ನನಗೆ ಅದಕ್ಕಿಂತ ಮುಖ್ಯ ಬೆಳಿಗ್ಗೆ ಸಂಜೆ ಮೆಮು ಗಾಡಿಗಳು. ಮೋಟಾರು ಬೋಗಿಯಲ್ಲೇ ಇರುವುದರಿಂದ ಅವು ಬೇಗ ವೇಗ ಹಿಡಿಯುತ್ತವೆ, ಸಣ್ಣ ಸಣ್ಣ ಸ್ಟೇಷನ್‌ನಲ್ಲಿ ನಿಂತರೂ ಹೊತ್ತು ಹಾಳಾಗಲ್ಲ, ಕೊನೆಯಲ್ಲಿ ಇಂಜಿನ್ ತಿರುಗಿಸುವ ಕೆಲಸವಿಲ್ಲ.

ದರದ ವಿಷಯದಲ್ಲಿ ಒಂದು ಎಚ್ಚರ ಇರಲಿ. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಹೆಸರು ಹಾಕಿ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿಸಿದ್ದರು. ಹಳೇ ದರ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ವರ್ಷ ಗಿಣಿಗೇರಾದಿಂದ ಕೊಪ್ಪಳಕ್ಕೆ ಬರುವ ಕೂಲಿಯವರೂ 30 ಕೊಟ್ಟರು. ಮತ್ತೆ ಹಾಗಾದರೆ ಸುಮ್ಮನೆ ಕೂರಬಾರದು.

2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ ಎರಡು ವಾರ ನಡೆದಾಗ ವಿಶೇಷ ರೈಲು ಬಿಟ್ಟು ಜನರನ್ನು ಊರು ಮುಟ್ಟಿಸಿದ್ದು ಇದೇ ರೈಲು ನೌಕರರು. ಆ ದಿನಗಳಲ್ಲಿ ಬಸ್ ಡ್ರೈವರ್‌ಗಳನ್ನು ಬೈದವರು ಬಹಳ, ಅವರ ಸಂಬಳ ಎಷ್ಟು ಅಂತ ಕೇಳಿದವರು ಕಡಿಮೆ.

ದಿನಾ ಹೋಗುವವರು ಮೂರು ತಿಂಗಳ ಪಾಸನ್ನೇ ತಗೊಳ್ಳಿ. ವಾರಕ್ಕೆ ಎರಡು ದಿನ ಹೋಗುವವರು ಬಿಡಿ ಟಿಕೆಟ್ ತಗೊಳ್ಳಿ, ಆ್ಯಪ್‌ನ ವಾಲೆಟ್‌ನಿಂದ ದುಡ್ಡು ಕಟ್ಟಿದರೆ ಸ್ವಲ್ಪ ರಿಯಾಯಿತಿ ಸಿಗಬಹುದು, ಆ್ಯಪ್‌ನಲ್ಲೇ ನೋಡಿಕೊಳ್ಳಿ. ಮುಂದಿನ ಸಲ ಲೋಕೋ ಪೈಲಟ್‌ಗಳು ವಿಶ್ರಾಂತಿಗಾಗಿ ಮನವಿ ಹಿಡಿದು ನಿಂತಾಗ, ಪ್ರಯಾಣಿಕರ ಕಡೆಯಿಂದಲೂ ಒಂದು ಪತ್ರ ನಮ್ಮ ರೈಲ್ವೆ ವಿಭಾಗದ ಮುಖ್ಯಸ್ಥರ (ಡಿಆರ್‌ಎಂ) ಆಫೀಸಿಗೆ ಹೋಗಲಿ. ನಾನು ಬರೆದು ಸಹಿ ಹಾಕಲು ತಯಾರಿದ್ದೇನೆ, ಕೊಪ್ಪಳ, ಮುನಿರಾಬಾದ್, ಹೊಸಪೇಟೆಯ ಪಾಸ್‌ದಾರರು ಸೇರಿಕೊಳ್ಳಿ.