ನರ್ಸಿಂಗ್ ಸೀಟಿಗೆ ಹಣ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಹುಡುಗಿ. ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 356 ಅಂಕ, ಅಂದರೆ ಶೇ 59. ಊರಿನವರೇ ಪರಿಚಯ ಮಾಡಿಸಿದ ಏಜೆಂಟ್ ಅಂಕಪಟ್ಟಿ ನೋಡಿ, "ಬಿ.ಎಸ್ಸಿ. ನರ್ಸಿಂಗ್ ಆರಾಮಾಗಿ ಸಿಗ್ತದ್ರೀ, ಸೀಟು ತುಂಬೋದ್ರೊಳಗ ಅಡ್ವಾನ್ಸ್ ಕೊಟ್ಬಿಡ್ರಿ" ಅಂದ. 40 ಸಾವಿರ ಕೈ ಬದಲಾಯಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿ.ಸಿ. ಎಲ್ಲ ಒರಿಜಿನಲ್‌ಗಳೂ ಹೋದವು. ಹುಡುಗಿ ಬೆಂಗಳೂರಿಗೆ ಬಂದಳು, ಯೂನಿಫಾರ್ಮ್ ಹೊಲಿಸಿದಳು, ಹಾಸ್ಟೆಲ್ ಸೇರಿದಳು, ದಿನವೂ ತರಗತಿಗೆ ಹೋದಳು. ಮೊದಲ ಸೆಮಿಸ್ಟರ್ ಪರೀಕ್ಷೆ ಬಂದಾಗ ಪಕ್ಕದ ಬೆಂಚಿನವರಿಗೆಲ್ಲ ಹಾಲ್ ಟಿಕೆಟ್ ಬಂತು. ಅವಳಿಗೆ ಬರಲಿಲ್ಲ. ಆಫೀಸಿನಲ್ಲಿ ಮೂರು ದಿನ "ನಾಳೆ ಬಾ" ಅಂದರು. ನಾಲ್ಕನೇ ದಿನ ನಿಜ ಹೊರಬಿತ್ತು: ವಿಶ್ವವಿದ್ಯಾಲಯ ಅವಳ ಪ್ರವೇಶವನ್ನು ಅನುಮೋದಿಸಿಯೇ ಇರಲಿಲ್ಲ.

ಕಾರಣ ಅವಳ ಅಂಕಪಟ್ಟಿಯಲ್ಲೇ ಇತ್ತು. ಕನ್ನಡ 85, ಇಂಗ್ಲಿಷ್ 80, ಗಣಿತ 60. ಭೌತಶಾಸ್ತ್ರ 38, ರಸಾಯನಶಾಸ್ತ್ರ 41, ಜೀವಶಾಸ್ತ್ರ 52. ಬಿ.ಎಸ್ಸಿ. ನರ್ಸಿಂಗ್‌ಗೆ ಒಟ್ಟು ಶೇಕಡಾವಾರು ನೋಡುವುದಿಲ್ಲ. ಭೌತ, ರಸಾಯನ, ಜೀವ ಈ ಮೂರನ್ನೇ ಕೂಡಿಸುತ್ತಾರೆ. ಅವಳದು 300ಕ್ಕೆ 131, ಅಂದರೆ ಶೇ 43.7. ಸಾಮಾನ್ಯ ವರ್ಗಕ್ಕೆ ಬೇಕಾದದ್ದು ಶೇ 45, ಅಂದರೆ 135 ಅಂಕ. ನಾಲ್ಕೇ ನಾಲ್ಕು ಅಂಕ ಕಡಿಮೆ. ಮನೆಯಲ್ಲಿ ಯಾರಾದರೂ ಐದು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಏಜೆಂಟ್‌ಗೆ ಈ ಲೆಕ್ಕ ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಆದ್ದರಿಂದ ಮೊದಲ ಕೆಲಸ ಈ ಲೆಕ್ಕ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40, ಅಂದರೆ 120 ಅಂಕ ಸಾಕು. ಉಳಿದ ಪ್ರವರ್ಗದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆ ವರ್ಷ ಹೊರಡಿಸುವ ಮಾಹಿತಿ ಪುಸ್ತಿಕೆಯಲ್ಲಿ ತಮ್ಮ ಪ್ರವರ್ಗದ ಮುಂದೆ ಏನಿದೆಯೋ ಅದನ್ನೇ ನೋಡಿ, ಬಾಯಿಮಾತು ನಂಬಬೇಡಿ. ಇಂಗ್ಲಿಷ್ ಪಾಸಾಗಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕಲಾ ಅಥವಾ ವಾಣಿಜ್ಯ ಓದಿದವರಿಗೆ "ಬಿ.ಎಸ್ಸಿ. ಅಡ್ಜಸ್ಟ್ ಮಾಡಿಸ್ತೀವಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಅವರಿಗೆ ಸರಿಯಾದ ದಾರಿ ಮೂರು ವರ್ಷದ ಜಿಎನ್ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ; ಯಾವುದೇ ವಿಭಾಗದಲ್ಲಿ ಶೇ 40 ಇದ್ದು ಇಂಗ್ಲಿಷ್ ಪಾಸಾಗಿದ್ದರೆ ಅರ್ಹತೆ ಇದೆ. ಅದು ಮುಗಿಸಿ ನರ್ಸ್ ಆಗಿ ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ದಾರಿ ಉದ್ದ, ಆದರೆ ಗಟ್ಟಿ.

ಇನ್ನು ರಶೀದಿ. ಆ ಹುಡುಗಿಯ ಅಪ್ಪನ ಬಳಿ ಇದ್ದದ್ದು ಅಂಗೈ ಅಗಲದ ಹಳದಿ ಚೀಟಿ. ಮೇಲೆ ಕಾಲೇಜಿನ ಹೆಸರಿಲ್ಲ, ಯಾವುದೋ ಎಜುಕೇಷನಲ್ ಟ್ರಸ್ಟ್ ಹೆಸರು. ಕೋರ್ಸ್ ಯಾವುದು, ಯಾವ ಶೈಕ್ಷಣಿಕ ವರ್ಷ ಎಂದಿಲ್ಲ. 'ಅಡ್ವಾನ್ಸ್' ಎಂಬ ಒಂದೇ ಪದ, ಕೆಳಗೆ ಗೀಚಿದ ಸಹಿ. ಇಂಥ ಚೀಟಿ ಹಿಡಿದು ಯಾವ ಕಚೇರಿಗೆ ಹೋದರೂ ಹಣ ಯಾತಕ್ಕೆ ಕೊಟ್ಟದ್ದು ಎಂದು ತೋರಿಸಲು ಆಗುವುದಿಲ್ಲ. ರಶೀದಿಯಲ್ಲಿ ಕಾಲೇಜಿನ ಪೂರ್ತಿ ಹೆಸರು, ವಿದ್ಯಾರ್ಥಿಯ ಹೆಸರು, 'ಬಿ.ಎಸ್ಸಿ. ನರ್ಸಿಂಗ್, ಮೊದಲ ವರ್ಷ, ಬೋಧನಾ ಶುಲ್ಕ' ಎಂಬ ಬರಹ, ಶೈಕ್ಷಣಿಕ ವರ್ಷ, ರಶೀದಿ ಸಂಖ್ಯೆ, ಸೀಲು ಇರಬೇಕು. ಹಣವನ್ನು ಕಾಲೇಜಿನ ಖಾತೆಗೆ ಡಿ.ಡಿ. ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ. ಏಜೆಂಟ್‌ನ ಫೋನ್‌ಪೇಗೆ ಹಾಕಿದ್ದು ಕಾಲೇಜಿನ ಲೆಕ್ಕಕ್ಕೆ ಬಂದಿರುತ್ತದೆ ಎಂಬ ಖಾತ್ರಿ ಇಲ್ಲ. ನಾಲ್ಕೂ ವರ್ಷದ ಶುಲ್ಕದ ಪಟ್ಟಿಯನ್ನು ಲೆಟರ್‌ಹೆಡ್ ಮೇಲೆ ಕೇಳಿ ತೆಗೆದುಕೊಳ್ಳಿ. ಹಾಸ್ಟೆಲ್, ಯೂನಿಫಾರ್ಮ್, ಪೋಸ್ಟಿಂಗ್ (ಆಸ್ಪತ್ರೆಯ ತರಬೇತಿ) ಬಸ್ಸು, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಕಟ್ಟುವ ಕ್ಲಿನಿಕಲ್ ಶುಲ್ಕ ಬೇರೆಬೇರೆಯಾಗಿ ಬರೆದಿರಲಿ. ಬೋಧನಾ ಶುಲ್ಕ ಕಡಿಮೆ ತೋರಿಸಿ 'ಇತರೆ' ಎನ್ನುವ ಸಾಲಿನಲ್ಲಿ ಕೀಳುವುದೇ ಹೆಚ್ಚು.

ಕಾಲೇಜನ್ನು ಪರೀಕ್ಷಿಸುವುದು ಹೇಗೆ? ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಕಾಲೇಜುಗಳು ಬಹುಪಾಲು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಸಂಯೋಜನೆ, ಅಂದರೆ ವಿಶ್ವವಿದ್ಯಾಲಯದ ಅಫಿಲಿಯೇಷನ್, ಒಮ್ಮೆ ಸಿಕ್ಕರೆ ಶಾಶ್ವತವಲ್ಲ. ಗೋಡೆಗೆ ತೂಗುಹಾಕಿದ ಹಳೆಯ ಆದೇಶ ತೋರಿಸಿದರೆ ಒಪ್ಪಬೇಡಿ, ಈ ಸಾಲಿನ ಸಂಯೋಜನಾ ಪತ್ರ ಕೇಳಿ, ಅದರಲ್ಲಿ ಎಷ್ಟು ಸೀಟು ಎಂದು ಓದಿ. ವಿಶ್ವವಿದ್ಯಾಲಯದ ವೆಬ್‌ಸೈಟ್‌ನ ಕಾಲೇಜು ಪಟ್ಟಿಯಲ್ಲಿ ಹೆಸರು, ವಿಳಾಸ ಎರಡೂ ಹೊಂದಬೇಕು. ಒಂದೇ ಹೆಸರಿನ ಎರಡು ಮೂರು ಕಾಲೇಜು ಇರುವುದುಂಟು. ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆಯನ್ನೂ ಹೀಗೇ ನೋಡಿ, ಏಕೆಂದರೆ ಪದವಿ ಮುಗಿದ ಮೇಲೆ ನರ್ಸ್ ಎಂದು ನೋಂದಣಿ ಮಾಡುವುದು ಅದೇ. ನೋಂದಣಿ ಇಲ್ಲದ ಪದವಿ ಇಟ್ಟುಕೊಂಡು ವಾರ್ಡಿನಲ್ಲಿ ಕೆಲಸ ಮಾಡಲಾಗದು. ಜಿಎನ್ಎಂ ಆದರೆ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯವಲ್ಲ, ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಅಲ್ಲಿ ವಿಚಾರಿಸಬೇಕು. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪದವಿ ಕೊಡುತ್ತವೆ, ಅವುಗಳ ಹೆಸರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ಪಟ್ಟಿಯಲ್ಲಿ ಇರಬೇಕು.

ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಸಿಇಟಿ ಬರೆದು ಕೆಇಎ ಕೌನ್ಸೆಲಿಂಗ್‌ಗೇ ಬರಬೇಕು. ಅಲ್ಲಿ ಸೀಟು ಕೊಡಿಸುವ ಶಕ್ತಿ ಯಾವ ಏಜೆಂಟ್‌ಗೂ ಇಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಬಿಇಒ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿರಲಿ. ಕಲ್ಯಾಣ ಕರ್ನಾಟಕದವರು 371-ಜೆ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಪಿಯುಸಿ ಫಲಿತಾಂಶದ ನಂತರ ಓಡಾಡಿದರೆ ತಾಲ್ಲೂಕು ಕಚೇರಿಯ ಸಾಲಿನಲ್ಲೇ ಕೌನ್ಸೆಲಿಂಗ್ ಸುತ್ತು ಮುಗಿದುಹೋಗುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಶಾಖೆಯಲ್ಲೇ ಕೇಳಿ. ಮಂಜೂರಾದ ಹಣ ಎಷ್ಟೋ ಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪ್ರವೇಶವಾದ ಮೇಲೂ ಒಂದು ಹೆಜ್ಜೆ ಬಾಕಿ ಇರುತ್ತದೆ, ಆ ಹುಡುಗಿ ಎಡವಿದ್ದು ಅಲ್ಲೇ. ಕಾಲೇಜು ಸೇರಿಸಿಕೊಂಡವರ ವಿವರವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ವಿಶ್ವವಿದ್ಯಾಲಯ ದಾಖಲೆ ನೋಡಿ ಅನುಮೋದಿಸಬೇಕು. ಅದಕ್ಕೆ ಪ್ರತಿ ವರ್ಷ ಕೊನೆಯ ದಿನಾಂಕ ಇರುತ್ತದೆ. ಸೇರಿದ ತಿಂಗಳೊಳಗೆ ಆಫೀಸಿಗೆ ಹೋಗಿ, "ಸರ್, ನನ್ನ ಅಡ್ಮಿಷನ್ ಅಪ್ರೂವಲ್ ಆಗಿದೆಯಾ, ಪ್ರತಿ ಕೊಡಿ" ಎಂದು ಕೇಳಿ. ಇದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು. ಸಿಬಿಎಸ್ಇ ಅಥವಾ ಬೇರೆ ರಾಜ್ಯದ ಮಂಡಳಿಯಲ್ಲಿ ಓದಿದವರಿಗೆ ಅರ್ಹತಾ ಪತ್ರ, ಮೈಗ್ರೇಷನ್ ಎಂದು ಇನ್ನೊಂದು ಸುತ್ತು ಇರುತ್ತದೆ, ಅವರಂತೂ ತಡಮಾಡಲೇಬಾರದು.

ಒರಿಜಿನಲ್‌ಗಳನ್ನು ಪರಿಶೀಲನೆಗೆ ತೋರಿಸಿ, ದೃಢೀಕರಿಸಿದ ನಕಲು ಕೊಟ್ಟು, ವಾಪಸ್ ಪಡೆಯಿರಿ. ಕಾಲೇಜುಗಳು ಮೂಲ ದಾಖಲೆ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅನುಮೋದನೆಗೆಂದು ಕೆಲವು ದಿನ ಬೇಕೇ ಬೇಕು ಎಂದರೆ ಯಾವ ದಾಖಲೆ, ಅದರ ನಂಬರ್, ಯಾವತ್ತು ಹಿಂದಿರುಗಿಸುತ್ತಾರೆ ಎಂದು ಬರೆಸಿಕೊಂಡು ಸೀಲು ಹಾಕಿಸಿಕೊಳ್ಳಿ. ಆ ಹುಡುಗಿಗೆ "ನಾಲ್ಕು ವರ್ಷದ ಫೀಸು ಕಟ್ಟಿ, ಆಮೇಲೆ ಟಿ.ಸಿ. ಒಯ್ಯಿರಿ" ಎಂದರು. ಟಿ.ಸಿ. ಕೈಯಲ್ಲಿಲ್ಲದೆ ಆ ವರ್ಷ ಜಿಎನ್ಎಂಗೂ ಸೇರಲಾಗಲಿಲ್ಲ.

ಇನ್ನೊಂದು ಬಲೆ ಇದೆ, ನೋಡಲು ಉಪಕಾರದಂತೆಯೇ ಇರುತ್ತದೆ: "ಕ್ಲಾಸಿಗೆ ಬರಬೇಕಿಲ್ಲ, ಊರಲ್ಲೇ ಕೆಲಸ ಮಾಡ್ಕೊಂಡು ಪರೀಕ್ಷೆಗೆ ಬಂದ್ರೆ ಸಾಕು." ನಾನ್-ಅಟೆಂಡಿಂಗ್ ನರ್ಸಿಂಗ್ ಎಂಬುದೊಂದು ಇಲ್ಲವೇ ಇಲ್ಲ. ಪ್ರತಿ ವಿಷಯದ ಥಿಯರಿ, ಪ್ರಾಯೋಗಿಕ ಎರಡರಲ್ಲೂ ಶೇ 80 ಹಾಜರಿ ಇದ್ದರೆ ಮಾತ್ರ ಪರೀಕ್ಷೆ. ಪದವಿ ಕೈಗೆ ಬರುವ ಮುಂಚೆ ಕ್ಲಿನಿಕಲ್ ಅವಧಿ ನೂರಕ್ಕೆ ನೂರು ಮುಗಿದಿರಬೇಕು. ಮೊದಲ ಸೆಮಿಸ್ಟರ್‌ನ ನರ್ಸಿಂಗ್ ಫೌಂಡೇಷನ್ಸ್ ಒಂದಕ್ಕೇ 120 ಗಂಟೆ ಪಾಠ, 80 ಗಂಟೆ ಸ್ಕಿಲ್ ಲ್ಯಾಬ್, 160 ಗಂಟೆ ವಾರ್ಡ್. ಜ್ವರ ಬಂದು ತಪ್ಪಿಸಿಕೊಂಡ ಪೋಸ್ಟಿಂಗ್ ಕೂಡ ಆಮೇಲೆ ಮಾಡಿಕೊಡಲೇಬೇಕು. ಹಣ ಕೊಟ್ಟು ಹಾಜರಿ ಬರೆಸಿಕೊಂಡವರು ಕೊನೆಗೆ ನಿಲ್ಲುವುದು ರೋಗಿಯ ಮುಂದೆ. ವೈದ್ಯರು 500 ಮಿಲಿಗ್ರಾಂ ಬರೆದಿರುತ್ತಾರೆ, ವಯಲ್‌ನಲ್ಲಿ (ಔಷಧದ ಪುಟ್ಟ ಸೀಸೆ) 10 ಎಂ.ಎಲ್.ಗೆ 1 ಗ್ರಾಂ ಕರಗಿಸಿದೆ, ಸಿರಿಂಜಿಗೆ ಎಷ್ಟು ಎಳೆಯಬೇಕು? 5 ಎಂ.ಎಲ್. 500 ಎಂ.ಎಲ್. ಡ್ರಿಪ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ ಎಂ.ಎಲ್.ಗೆ 20 ಹನಿಯದು: 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ತಪ್ಪು ಸಾವಿರ ಪಟ್ಟು. ಈ ಲೆಕ್ಕಗಳನ್ನು ರಜೆಯಲ್ಲೇ ದಿನಕ್ಕೆ ಐದರಂತೆ ಮಾಡಿ. ಕನ್ನಡ ಮಾಧ್ಯಮದವರು ಹೆದರಬೇಕಾದ್ದೇನಿಲ್ಲ. ಹೈಪೊ ಎಂದರೆ ಕಡಿಮೆ, ಹೈಪರ್ ಎಂದರೆ ಹೆಚ್ಚು, ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ತೆಗೆದುಹಾಕುವ ಶಸ್ತ್ರಚಿಕಿತ್ಸೆ. ಇಂಥ ನೂರು ತುಣುಕು ಕಲಿತು ಹೋದರೆ ಅನಾಟಮಿ ತರಗತಿಯ ಅರ್ಧ ಭಯ ಕಳೆಯುತ್ತದೆ.

ಕಾಲೇಜು ನೋಡಲು ಹೋದವರು ಕಟ್ಟಡ ನೋಡಿ ಮರಳಬೇಡಿ, ಪೋಸ್ಟಿಂಗ್ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಹೋದರೆ ಎಲ್ಲ ತಿಳಿಯುತ್ತದೆ: ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ಯೂನಿಫಾರ್ಮ್ ಹಾಕಿದ ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದಾರೆಯೇ, ಜೊತೆಗೆ ಟೀಚರ್ ಇದ್ದಾರೆಯೇ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. 60 ಜನರ ಬ್ಯಾಚನ್ನು 30 ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಕಳಿಸಿದರೆ ಕಲಿಯುವುದೇನು, ಗೋಡೆಗೆ ಒರಗಿ ನಿಲ್ಲುವುದಷ್ಟೇ. ಹೆರಿಗೆ, ಮಕ್ಕಳ, ಮಾನಸಿಕ ಆರೋಗ್ಯದ ಪೋಸ್ಟಿಂಗ್ ಎಲ್ಲಿ ಎಂದು ಆಸ್ಪತ್ರೆಗಳ ಹೆಸರು ಕೇಳಿ. ಮುಂದೆ ಹೊರದೇಶಕ್ಕೆ ಅರ್ಜಿ ಹಾಕುವಾಗ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಈ ಗಂಟೆಗಳನ್ನೇ ನೋಡುತ್ತಾರೆ. ಕೊಲ್ಲಿ ದೇಶಗಳಿಗೆ ಹೋಗುವವರ ಪದವಿ, ನೋಂದಣಿಯನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳುತ್ತಾರೆ.

ದುಡ್ಡು, ಕಾಗದದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಲಸಿಕೆ. ಹೆಪಟೈಟಿಸ್ ಬಿ ಸೋಂಕಿತರ ರಕ್ತ ತಾಗಿದ ಸೂಜಿ ಚುಚ್ಚಿದರೆ ಅಂಟುವ ರೋಗ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಮೊದಲ ದಿನದಿಂದ ಆರು ತಿಂಗಳಿಗೆ ಮೂರನೆಯದು. ಜೂನ್ 1ಕ್ಕೆ ಶುರುಮಾಡಿದರೆ ಜುಲೈ 1, ಡಿಸೆಂಬರ್ 1. ಕಾಲೇಜು ಸೇರಿದ ಮೇಲೆ ನೋಡೋಣ ಎಂದವರು ಒಂದೇ ಡೋಸ್ ಹಾಕಿಸಿಕೊಂಡು, ಕೆಲವರು ಅದೂ ಇಲ್ಲದೆ ವಾರ್ಡಿಗೆ ಇಳಿಯುತ್ತಾರೆ. ಚುಚ್ಚುಮದ್ದನ್ನು ತೋಳಿಗೇ ಹಾಕಿಸಿಕೊಳ್ಳಿ, ಸೊಂಟಕ್ಕೆ ಹಾಕಿದರೆ ಪರಿಣಾಮ ಕಡಿಮೆ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ, 10 ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ. ಮಗುವಾಗಿದ್ದಾಗ ಹಾಕಿಸಿದ್ದಾರೆಯೇ ಎಂದು ತಾಯಿ ಕಾರ್ಡ್ ಹುಡುಕಿ ನೋಡಿ, ಅದರ ಫೋಟೋ ಇಟ್ಟುಕೊಳ್ಳಿ. ಜೊತೆಗೇ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಹುಡುಗಿಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಡಾಕ್ಟರ್ ಹೇಳಿದ ಕಬ್ಬಿಣದ ಮಾತ್ರೆ ರಜೆಯಲ್ಲೇ ಶುರುವಾಗಲಿ, ಏಕೆಂದರೆ ದೇಹ ತುಂಬಿಕೊಳ್ಳಲು ತಿಂಗಳುಗಳು ಬೇಕು. ವಾರ್ಡಿನಲ್ಲಿ ಆರು ಗಂಟೆ ನಿಂತು ತಲೆಸುತ್ತಿ ಬೀಳುವವರಲ್ಲಿ ಬೆಳಗಿನ ತಿಂಡಿ ಬಿಟ್ಟವರೂ ರಕ್ತ ಕಡಿಮೆ ಇರುವವರೂ ಹೆಚ್ಚು.

ಸಾಮಾನುಗಳನ್ನು ಕಾಲೇಜು ಪಟ್ಟಿ ಕೊಡುವ ತನಕ ಕೊಳ್ಳಬೇಡಿ. ಸೆಕೆಂಡ್ ಮುಳ್ಳಿರುವ, ಎದೆಗೆ ಸಿಕ್ಕಿಸುವ ಗಡಿಯಾರ, ಹಿಂದೆ ಮುಂದೆ ಮುಚ್ಚಿದ, ಜಾರದ ಅಡಿಯ ಷೂ ಇವೆರಡಕ್ಕೆ ಮಾತ್ರ ಸ್ವಲ್ಪ ಹೆಚ್ಚು ಖರ್ಚಾದರೂ ಪರವಾಗಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಮಾಡಬೇಕಾದದ್ದು: ಪ್ರಾಂಶುಪಾಲರ ಹೆಸರಿಗೆ ಅರ್ಜಿ ಬರೆಯಿರಿ. ಯಾವಾಗ ಎಷ್ಟು ಕಟ್ಟಿದಿರಿ, ಯಾವ ಒರಿಜಿನಲ್ ಕೊಟ್ಟಿರಿ ಎಂದು ದಿನಾಂಕ ಸಹಿತ ಹಾಕಿ, ದಾಖಲೆ ಮತ್ತು ಹಣ ಹಿಂದಿರುಗಿಸಲು ಕೇಳಿ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಅದರ ನಕಲು ವಿಶ್ವವಿದ್ಯಾಲಯದ ಕುಲಸಚಿವರಿಗೆ ಹೋಗಲಿ. ಏಜೆಂಟ್‌ಗೆ ಕೊಟ್ಟ ಹಣದ ಬಗ್ಗೆ ಠಾಣೆಯಲ್ಲಿ ಲಿಖಿತ ದೂರು ಕೊಡಿ, ಯುಪಿಐ ವಿವರ, ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ. ಅಂಕಪಟ್ಟಿ ಕಾಲೇಜಿನಲ್ಲೇ ಇರುವಾಗ "ಕಳೆದುಹೋಗಿದೆ" ಎಂದು ಅಫಿಡವಿಟ್ ಮಾಡಿಸಿ ಡೂಪ್ಲಿಕೇಟ್ ತೆಗೆಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಸುಳ್ಳು ಪ್ರಮಾಣ; ಕಾಲೇಜು ಅಸಲಿ ದಾಖಲೆ ಹೊರತೆಗೆದು ತೋರಿಸಿದರೆ ತಪ್ಪಿತಸ್ಥರಾಗಿ ನಿಲ್ಲುವವರು ನೀವು.