ಸಿಎಸ್‌ಎಸ್ ಪ್ರೊಫೈಲ್: ಅಡಿಕೆ ತೋಟದ ಮನೆಯಿಂದ ತುಂಬಿದ ಅರ್ಜಿ

ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸೇರಲು ಹಣಕಾಸಿನ ನೆರವು ಬೇಡುವವರು ಹೆಚ್ಚಿನ ಕಡೆ ತುಂಬಬೇಕಾದ ಅರ್ಜಿ ಸಿಎಸ್‌ಎಸ್ ಪ್ರೊಫೈಲ್. ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಈ ಸೇವೆಯನ್ನು ಶಿರಸಿ ಬಳಿ ಇರುವ ನನ್ನ ಅಕ್ಕನ ಮಗಳಿಗಾಗಿ, ಅವಳ ಜೊತೆಯಲ್ಲೇ ಕೂತು ಬಳಸಿದ್ದೇನೆ.

ಹಾರ್ವರ್ಡ್‌ನಲ್ಲಿ 2025-26ನೇ ಸಾಲಿನ ಬೋಧನಾ ಶುಲ್ಕ 59,320 ಡಾಲರ್. ವಸತಿ, ಊಟ, ಇತರ ಶುಲ್ಕ ಸೇರಿದರೆ 86,926 ಡಾಲರ್, ಅಂದರೆ 75 ಲಕ್ಷ ರೂಪಾಯಿಗೂ ಮೇಲೆ. ಈ ಅಂಕಿ ಕಂಡೊಡನೆ ಭಾವ ಮಾತಿಲ್ಲದೆ ಎದ್ದು ತೋಟಕ್ಕೆ ಹೋದರು. ಅದೇ ವಿಶ್ವವಿದ್ಯಾಲಯ ಅದೇ ವರ್ಷದಿಂದ, ಸಾಮಾನ್ಯ ಪ್ರಮಾಣದ ಆಸ್ತಿಯುಳ್ಳ ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ಡಾಲರ್ ಮೀರದಿದ್ದರೆ ಬೋಧನಾ ಶುಲ್ಕವನ್ನೂ, 1 ಲಕ್ಷ ಡಾಲರ್ ಮೀರದಿದ್ದರೆ ವಸತಿ ಮತ್ತು ಊಟದ ವೆಚ್ಚವನ್ನೂ ತಾನೇ ಭರಿಸುತ್ತದೆ ಎಂಬುದನ್ನು ರಾತ್ರಿ ಊಟದ ಹೊತ್ತಿಗೆ ಅವರಿಗೆ ವಿವರಿಸಿದೆ. ಅಲ್ಲಿ ನೆರವು ಕೇಳಿದ್ದು ಪ್ರವೇಶಕ್ಕೆ ಅಡ್ಡಿಯಾಗುವುದಿಲ್ಲ, ವಿದೇಶಿ ವಿದ್ಯಾರ್ಥಿಗಳಿಗೂ ಆಗುವುದಿಲ್ಲ. ಇಂಥ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟೇ.

ಅರ್ಜಿ ಪ್ರತಿವರ್ಷ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊತ್ತಗಳನ್ನು ನಮ್ಮ ದೇಶದ ಕರೆನ್ಸಿಯಲ್ಲೇ ಬರೆಯಬೇಕು. ಇದನ್ನು ಗಮನಿಸದ ಹುಡುಗಿ ಎಲ್ಲವನ್ನೂ ಡಾಲರ್‌ಗೆ ಪರಿವರ್ತಿಸಿ ತುಂಬಿದ್ದಳು; ಹಾಗೇ ಕಳುಹಿಸಿದ್ದರೆ ಇಡೀ ಮನೆಯ ವರ್ಷದ ಆದಾಯ ಕೆಲವು ಸಾವಿರ ರೂಪಾಯಿ ಎಂದು ದಾಖಲಾಗುತ್ತಿತ್ತು. ಸಂಬಳದ ಮನೆಯವರಿಗೆ ಫಾರ್ಮ್ 16 ಮತ್ತು ರಿಟರ್ನ್ಸ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಭಾವ ರಿಟರ್ನ್ಸ್ ಸಲ್ಲಿಸಿದವರೇ ಅಲ್ಲ. ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಸೊಸೈಟಿಯ ಅಡಿಕೆ ಮಾರಾಟದ ಚೀಟಿಗಳು ಹಾಸಿಗೆಯ ಮೇಲೆ ಹರಡಿದವು. ಎಲ್ಲವನ್ನೂ ಇಂಗ್ಲಿಷಿಗೆ ಅನುವಾದಿಸಬೇಕಾಯಿತು.

ತೋಟದ ಮಾರುಕಟ್ಟೆ ಬೆಲೆ ಕೇಳುವ ಕಡೆ ನಾವು ಬಹಳ ಹೊತ್ತು ನಿಂತೆವು. ಎರಡು ಎಕರೆ ಅಡಿಕೆ ತೋಟದ ಬೆಲೆ ಕಾಗದದ ಮೇಲೆ ದೊಡ್ಡದಾಗಿ ಕಂಡರೂ ಕೊಳೆ ರೋಗ, ಎಲೆಚುಕ್ಕಿ ರೋಗ ಬಿದ್ದ ವರ್ಷ ಕೈಗೆ ಬರುವುದು ಔಷಧಿ ಸಿಂಪಡಣೆಯ ಖರ್ಚಿಗೂ ಸಾಲದು. ಅಜ್ಜಿಯ ಚಿಕಿತ್ಸೆಯ ವೆಚ್ಚವನ್ನಾಗಲಿ, ಚಿಕ್ಕಪ್ಪನ ಜೊತೆ ಇನ್ನೂ ಪಾಲಾಗದ ಜಮೀನನ್ನಾಗಲಿ ಸರಿಯಾಗಿ ಹೇಳಲು ಇಲ್ಲಿನ ಪ್ರಶ್ನೆಗಳು ಸಾಲುವುದಿಲ್ಲ, ಏಕೆಂದರೆ ಅವು ಅಮೆರಿಕದ ಚಿಕ್ಕ ಕುಟುಂಬವನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ವಿಶೇಷ ಪರಿಸ್ಥಿತಿಗಳನ್ನು ವಿವರಿಸಲು ಕೊನೆಯಲ್ಲಿ ಕೊಟ್ಟಿರುವ ಜಾಗವೇ ನನ್ನ ದೃಷ್ಟಿಯಲ್ಲಿ ಈ ಅರ್ಜಿಯ ಅತ್ಯಂತ ಉಪಯುಕ್ತ ಭಾಗ. ಅದನ್ನು ನಾಲ್ಕು ಸಲ ತಿದ್ದಿ ಬರೆದೆವು.

ಈ ಅರ್ಜಿಯ ಶುಲ್ಕದ ವಿಷಯದಲ್ಲಿ ನನಗೆ ತೀವ್ರ ಅಸಮಾಧಾನವಿದೆ. ಅರ್ಜಿ ಕಳುಹಿಸುವ ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿಯೊಂದಕ್ಕೆ 16 ಡಾಲರ್. ಆರು ಕಾಲೇಜುಗಳಿಗೆ 105 ಡಾಲರ್. 1 ಲಕ್ಷ ಡಾಲರ್‌ವರೆಗೆ ಆದಾಯವುಳ್ಳ ಅಮೆರಿಕದ ಕುಟುಂಬಗಳಿಗೆ ಪದವಿಯ ಅರ್ಜಿ ಉಚಿತವಾಗಿರುವಾಗ, ಅದರ ಹತ್ತನೇ ಒಂದು ಪಾಲು ಆದಾಯವಿಲ್ಲದ ನಮ್ಮ ಮನೆಗಳಿಗೆ ಆ ರಿಯಾಯಿತಿ ತಾನಾಗಿ ಸಿಗದಿರುವುದು ಅನ್ಯಾಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಹಿಂದೆ ತನ್ನದೇ ಅರ್ಜಿಯನ್ನು ಶುಲ್ಕವಿಲ್ಲದೆ ನಡೆಸುತ್ತಿತ್ತು. ನಮ್ಮಂಥವರು ಕಾಲೇಜಿನ ನೆರವು ವಿಭಾಗಕ್ಕೆ ಪತ್ರ ಬರೆದು ವಿನಾಯಿತಿ ಕೋಡ್ ಕೇಳಬೇಕು. ನಮಗೆ ಎರಡು ಕಾಲೇಜುಗಳು ಕಳುಹಿಸಿದವು, ವೆಚ್ಚ 73 ಡಾಲರ್‌ಗೆ ಇಳಿಯಿತು.

ಇದಕ್ಕೂ ಮೊದಲು ಬೆಂಗಳೂರಿನ ಸಲಹಾ ಕಚೇರಿಯೊಂದರಲ್ಲಿ, ಈಗ ನೆರವು ಬೇಡವೆಂದು ಗುರುತು ಹಾಕಿ, ಸೀಟು ಸಿಕ್ಕ ಮೇಲೆ ಕೇಳೋಣ ಎಂದು ಹಣ ಪಡೆದೇ ಸಲಹೆ ಕೊಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನಂಥ ಕಡೆ ಪ್ರವೇಶದ ಅರ್ಜಿಯಲ್ಲೇ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ನಂತರದ ವರ್ಷಗಳಲ್ಲೂ ಅದು ದೊರೆಯುವುದಿಲ್ಲ. ಆ ನಿಯಮವನ್ನು ಹುಡುಗಿಯೇ ಓದಿ ನನಗೆ ತೋರಿಸಿದಳು. ಅರ್ಜಿ ಕಳುಹಿಸಲು ಆಗ ಇನ್ನೂ ಒಂಬತ್ತು ದಿನವಿತ್ತು.